ಮಂಗಳನ ಕಲ್ಲಿನ ಚಿರತೆ ಚುಕ್ಕೆ: ಜೀವದ ಗುರುತಾ, ಬರೀ ತುಕ್ಕಾ?

ಹಾಸನದ ಹುಡುಗ · ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಕೂತು ಟಿವಿ ಹಾಕಿದ್ದೆ. ಒಂದು ಚಾನೆಲ್‌ನಲ್ಲಿ ಪರದೆ ತುಂಬಾ ‘ಮಂಗಳನಲ್ಲಿ ಜೀವಿ ಪತ್ತೆ!’ ಅಂತ ಬರುತ್ತಿತ್ತು. ಹಿಂದೆ ದೊಡ್ಡ ಕಣ್ಣಿನ ಹಸಿರು ಬೊಂಬೆ ಬೇರೆ. ಮುದ್ದೆ ಮುರಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ, “ಅಲ್ಲೂ ಜನ ಇದ್ದಾರಂತೇನೋ?” ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ.

ಆಮೇಲೆ ಮೊಬೈಲ್‌ನಲ್ಲಿ ಹುಡುಕಿದೆ. ಜೀವಿಯೂ ಇಲ್ಲ, ಬೊಂಬೆಯೂ ಇಲ್ಲ. ಸಿಕ್ಕಿದ್ದು ಒಂದು ಕೆಂಪು ಕಲ್ಲಿನ ಫೋಟೋ. ಅದರಲ್ಲಿ ಬಿಳಿ ಗೆರೆಗಳು, ನಡುವೆ ಕಪ್ಪು ಅಂಚಿನ ಸಣ್ಣ ಸಣ್ಣ ಚುಕ್ಕೆಗಳು. ನಾಸಾದವರು ಅದಕ್ಕೆ ಚಿರತೆ ಚುಕ್ಕೆ ಅಂತ ಹೆಸರಿಟ್ಟಿದ್ದಾರೆ.

ಪಳೆಯುಳಿಕೆ ಅಂದರೆ ಮೂಳೆ, ಚಿಪ್ಪು, ಎಲೆಯ ಅಚ್ಚು ಅಲ್ವಾ? ಚುಕ್ಕೆ ನೋಡಿ ಜೀವ ಇತ್ತು ಅಂತ ಹೇಗೆ ಹೇಳುತ್ತಾರೆ? ಅವರು ಹಾಗೆ ಹೇಳಿದ್ದಾರಾ, ಇಲ್ಲ ಚಾನೆಲ್‌ನವರೇ ಸೇರಿಸಿದ್ದಾ?


ಬೆಂಗಳೂರು ಬೋಂಡಾ · ರಾತ್ರಿ 10:03

ಅಜ್ಜಿಗೆ ಹೇಳಿ, ಇನ್ನೂ ಜನ ಸಿಕ್ಕಿಲ್ಲ, ಸಿಕ್ಕಿದರೆ ಮೊದಲು ಅಲ್ಲಿ ಸೈಟು ಸಿಗುತ್ತಾ ಅಂತ ವಿಚಾರಿಸೋಣ.


ಕಲ್ಲು ಮೇಷ್ಟ್ರು · ರಾತ್ರಿ 10:41

ಹುಡುಗಾ, ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಮೂಳೆ, ಚಿಪ್ಪು ಎಲ್ಲ ಮರೆತುಬಿಡು. ನಮ್ಮ ಭೂಮಿಯಲ್ಲಿ ಜೀವ ಶುರುವಾಗಿ ಏನಿಲ್ಲವೆಂದರೂ 340 ಕೋಟಿ ವರ್ಷ ಆಗಿದೆ. ಮೂಳೆ, ಚಿಪ್ಪಿನ ಪ್ರಾಣಿಗಳು ಬಂದದ್ದು ಕೊನೆಯ 55 ಕೋಟಿ ವರ್ಷಗಳಲ್ಲಿ. ಅದಕ್ಕೆ ಮುಂಚೆ ಬಹುಪಾಲು ಕಾಲ ಇಲ್ಲಿ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಮಂಗಳನಲ್ಲಿ ನದಿ, ಕೆರೆ ಇದ್ದದ್ದು ಸುಮಾರು 350 ಕೋಟಿ ವರ್ಷಕ್ಕೂ ಹಿಂದೆ. ಆಮೇಲೆ ಅದರ ಗಾಳಿಯ ಹೊದಿಕೆ ತೆಳುವಾಯಿತು, ನೀರು ಹೋಯಿತು. ಹಾಗಾಗಿ ಅಲ್ಲಿ ಜೀವ ಇದ್ದಿದ್ದರೂ ಅದು ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಯೇ ಆಗಿರಬೇಕು. ಹುಡುಕುತ್ತಿರುವುದೂ ಅದರ ಗುರುತನ್ನೇ.

ಸೂಕ್ಷ್ಮಜೀವಿ ಸತ್ತರೆ ಮೈ ಉಳಿಯುವುದು ಬಹಳ ಅಪರೂಪ. ಅದು ಮಾಡಿದ ಕೆಲಸ ಉಳಿಯುತ್ತದೆ. ಪದರ ಪದರವಾಗಿ ಕಟ್ಟಿದ ಕಲ್ಲು ಉಳಿಯಬಹುದು. ತಿಂದು ಬಿಟ್ಟ ಖನಿಜ ಉಳಿಯಬಹುದು. ಮೈಯಲ್ಲಿದ್ದ ಇಂಗಾಲದ ಚೂರು ಕೆಸರಿನೊಳಗೆ ಸಿಕ್ಕಿಕೊಂಡಿರಬಹುದು. ಊಟ ಮಾಡಿದವನು ಎದ್ದು ಹೋದ ಮೇಲೆ ಎಲೆ ನೋಡಿ ಏನು ಬಡಿಸಿದ್ದರು ಅಂತ ಹೇಳುತ್ತೇವಲ್ಲ, ಹಾಗೆ.

ಈಗ ಈ ಕಲ್ಲಿನ ವಿಚಾರ. ನಾಸಾದ ಪರ್ಸಿವಿಯರೆನ್ಸ್ ರೋವರ್, ಅಂದರೆ ಮಂಗಳನ ನೆಲದ ಮೇಲೆ ಓಡಾಡುವ ಯಂತ್ರಗಾಡಿ, 2021ರ ಫೆಬ್ರವರಿ 18ರಂದು ಜೆಝೆರೊ ಎಂಬ ಕುಳಿಯಲ್ಲಿ ಇಳಿಯಿತು. ಕುಳಿ ಸುಮಾರು 45 ಕಿಲೋಮೀಟರ್ ಅಗಲ. ಬೋಸ್ನಿಯಾದ ಒಂದು ಊರಿನ ಹೆಸರು ಅದು, ಆ ಕಡೆಯ ಭಾಷೆಯಲ್ಲಿ ಕೆರೆ ಅಂತಲೇ ಅರ್ಥ. ಒಂದು ಕಾಲಕ್ಕೆ ಅದು ನಿಜವಾಗಿಯೂ ಕೆರೆ. ಪಶ್ಚಿಮದಿಂದ ನದಿಯೊಂದು ಬಂದು ಸೇರುತ್ತಿತ್ತು. ನದಿ ತಂದು ಹಾಕಿದ ಮಣ್ಣು ಬೀಸಣಿಗೆಯ ಹಾಗೆ ಹರಡಿರುವುದು ಮೇಲಿನಿಂದ ತೆಗೆದ ಚಿತ್ರದಲ್ಲೇ ಕಾಣುತ್ತದೆ. ರೋವರ್ 2024ರ ಜುಲೈನಲ್ಲಿ ಆ ನದಿ ಹರಿದ ಕಣಿವೆಯೊಳಗೆ ಹೋಗಿತ್ತು. ಅಲ್ಲಿ ಸಿಕ್ಕಿದ ಒಂದು ಮೀಟರ್ ಉದ್ದದ ಕಲ್ಲಿಗೆ ಚೆಯಾವಾ ಫಾಲ್ಸ್ ಅಂತ ಹೆಸರಿಟ್ಟರು. ಜುಲೈ 21ರಂದು ಅದನ್ನು ಕೊರೆದು ಚೂರು ತೆಗೆದುಕೊಂಡರು. ಒಂದು ವರ್ಷದ ಪರಿಶೀಲನೆ ಆದಮೇಲೆ 2025ರ ಸೆಪ್ಟೆಂಬರ್ 10ರಂದು ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂತು.

ಅದರಲ್ಲಿ ಅವರು ಹೇಳಿರುವುದು ಇಷ್ಟೇ: ಇದು ಜೀವದ ಗುರುತು ಆಗಿರಬಹುದು, ಇನ್ನೂ ಪರೀಕ್ಷೆ ಬೇಕು. ಆ ‘ಬಹುದು’ ಟಿವಿ ಪರದೆಯಲ್ಲಿ ಹಿಡಿಸಲಿಲ್ಲ ಅಂತ ಕಾಣುತ್ತದೆ.


ಅನುಮಾನ ಪಿಶಾಚಿ · ರಾತ್ರಿ 11:15

ಮೇಷ್ಟ್ರೇ, ನಾನು ಈ ಸಿನಿಮಾ ಒಂದು ಸಲ ನೋಡಿದ್ದೇನೆ. 1996ರ ಆಗಸ್ಟ್. ಆಗ ನಾನು ಪಿಯುಸಿ. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಶ್ವೇತಭವನದ ಹುಲ್ಲುಹಾಸಿನ ಮೇಲೆ ನಿಂತು ಮಂಗಳನ ಕಲ್ಲಿನ ಬಗ್ಗೆ ಮಾತಾಡಿದ್ದರು. ಪೇಪರ್‌ನಲ್ಲಿ ಹುಳದಂಥ ಫೋಟೋ ಬಂದಿತ್ತು. ಅದನ್ನು ಕತ್ತರಿಸಿ ಭೌತಶಾಸ್ತ್ರದ ನೋಟ್‌ಬುಕ್ಕಿಗೆ ಅಂಟಿಸಿದ್ದೆ.

ಕೊನೆಗೆ ಏನಾಯಿತು? ಗಾಳಿ ಹೋದ ಬಲೂನು. ಈಗ ಮತ್ತೆ ಚುಕ್ಕೆ ಅಂತೀರಿ. ನಂಬೋದು ಹೇಗೆ?


ಕಲ್ಲು ಮೇಷ್ಟ್ರು · ರಾತ್ರಿ 11:38

ಪಿಶಾಚಿಯವರೇ, ಆ ಕಥೆ ಗೊತ್ತಿಲ್ಲದವರಿಗೆ ಹೇಳಲೇಬೇಕು, ಯಾಕೆಂದರೆ ಈಗಿನವರು ಇಷ್ಟು ಹುಷಾರಾಗಿ ಮಾತಾಡುವುದಕ್ಕೆ ಅದೇ ಕಾರಣ.

ಆ ಕಲ್ಲು ಸಿಕ್ಕಿದ್ದು ಅಂಟಾರ್ಕ್ಟಿಕಾದ ಅಲನ್ ಹಿಲ್ಸ್‌ನಲ್ಲಿ, 1984ರ ಡಿಸೆಂಬರ್‌ನಲ್ಲಿ. ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಎಎಲ್‌ಎಚ್ 84001 ಅಂತ ಹೆಸರು. ಅದು ಮಂಗಳನದು ಅಂತ ಗೊತ್ತಾಗಲು ಸುಮಾರು ಒಂಬತ್ತು ವರ್ಷ ಬೇಕಾಯಿತು. ಕಲ್ಲಿನ ವಯಸ್ಸು 400 ಕೋಟಿ ವರ್ಷಕ್ಕಿಂತ ಜಾಸ್ತಿ. ಯಾವುದೋ ಉಲ್ಕೆ ಬಡಿದು ಅದು ಮಂಗಳನಿಂದ ಚಿಮ್ಮಿದ್ದು ಸುಮಾರು 1.6 ಕೋಟಿ ವರ್ಷದ ಹಿಂದೆ. ಇಲ್ಲಿ ಬಿದ್ದದ್ದು ಸುಮಾರು 13,000 ವರ್ಷದ ಹಿಂದೆ.

ನಾಸಾ ವಿಜ್ಞಾನಿ ಡೇವಿಡ್ ಮೆಕೇ ಅವರ ತಂಡ ಅದರಲ್ಲಿ ನಾಲ್ಕು ಸಂಗತಿ ಕಂಡಿತು. ಕಾರ್ಬೊನೇಟ್ ಉಂಡೆಗಳು, ಇಂಗಾಲದ ಸಂಯುಕ್ತಗಳು, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಅತಿ ಸಣ್ಣ ಹರಳು, ಮತ್ತೆ ಆ ಹುಳದಂಥ ಆಕಾರ. ಒಂದೊಂದಕ್ಕೂ ಜೀವವಿಲ್ಲದ ವಿವರಣೆ ಇದೆ, ಆದರೆ ನಾಲ್ಕೂ ಒಟ್ಟಿಗೆ ಇರುವುದಕ್ಕೆ ಜೀವವೇ ಸರಿಯಾದ ಕಾರಣ ಅಂತ ಅವರ ವಾದ. ಆಮೇಲೆ ಒಂದೊಂದೇ ಕಂಬ ಅಲ್ಲಾಡಿತು. ಆ ‘ಹುಳ’ಗಳು ತಲೆಕೂದಲ ದಪ್ಪದ ಸಾವಿರದೊಂದು ಪಾಲು. ಅಷ್ಟು ಸಣ್ಣ ಜಾಗದಲ್ಲಿ ಜೀವಕ್ಕೆ ಬೇಕಾದ ಸರಂಜಾಮು ಹಿಡಿಸುವುದೇ ಕಷ್ಟ. ಕೊನೆಗೆ 2022ರಲ್ಲಿ ಆಂಡ್ರ್ಯೂ ಸ್ಟೀಲ್ ತಂಡದವರು, ಆ ಇಂಗಾಲದ ಸಂಯುಕ್ತಗಳು ನೀರು ಮತ್ತು ಕಲ್ಲು ಸೇರಿ ತಾವಾಗಿಯೇ ಆದವು ಅಂತ ತೋರಿಸಿದರು.

ಆದರೆ ಅದನ್ನು ಬರೀ ಗಾಳಿ ಹೋದ ಬಲೂನು ಅನ್ನಬೇಡಿ. ಕಲ್ಲು ಕೈಯಲ್ಲಿತ್ತು, ಲೋಕದ ಪ್ರಯೋಗಾಲಯಗಳೆಲ್ಲ ಅದನ್ನು ಕೊಯ್ದು ನೋಡಿದವು. ತಪ್ಪು ಅಂತ ಗೊತ್ತಾದದ್ದೂ ಅದರಿಂದಲೇ.

ಆಕಾರ ನೋಡಿ ಮೋಸ ಹೋಗುವುದು ನನಗಂತೂ ಹೊಸದಲ್ಲ. ಪ್ರತಿ ವರ್ಷ ಒಬ್ಬ ಹುಡುಗ ಒಂದು ಕಲ್ಲು ತರುತ್ತಿದ್ದ. “ಸಾರ್, ಜರೀಗಿಡದ ಪಳೆಯುಳಿಕೆ!” ನೋಡಿದರೆ ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಹರಡಿಕೊಂಡು ಆದ ಚಿತ್ತಾರ. ಥೇಟ್ ಎಲೆ. ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಮಕ್ಕಳ ಮುಖ ಬಾಡುವುದು ನೋಡೋಕೆ ಆಗುತ್ತಿರಲಿಲ್ಲ.


ಸೂಕ್ಷ್ಮಾಣು · ಬೆಳಿಗ್ಗೆ 7:20

ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಷ್ಟ್ರು ಆಕಾರದ ಮೋಸ ಹೇಳಿದರು. ಈ ಸಲ ವಾದ ನಿಂತಿರುವುದು ಆಕಾರದ ಮೇಲಲ್ಲ, ಚುಕ್ಕೆಯೊಳಗಿನ ಖನಿಜದ ಮೇಲೆ. ಅದಕ್ಕೇ ನನಗೆ ಇಷ್ಟು ಆಸಕ್ತಿ.

ನಾವು ಉಸಿರಾಡುವಾಗ ಆಮ್ಲಜನಕ ಬಳಸುತ್ತೇವೆ. ಗಾಳಿ ಹೋಗದ ಕೆಸರಿನಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ತುಕ್ಕನ್ನು ‘ಉಸಿರಾಡುತ್ತವೆ’. ಅಂದರೆ ಕೊಳೆತ ಕಸವನ್ನು ತಿಂದು, ಅದರ ಎಲೆಕ್ಟ್ರಾನನ್ನು ಕೆಂಪು ಕಬ್ಬಿಣಕ್ಕೆ ದಾಟಿಸುತ್ತವೆ. ಕೆಂಪು ಬಣ್ಣ ಹೋಗಿ ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಬಿಡುಗಡೆಯಾದ ಕಬ್ಬಿಣ ಫಾಸ್ಫೇಟ್ ಎಂಬ ರಂಜಕದ ಸಂಯುಕ್ತದ ಜೊತೆ ಸೇರಿದರೆ ವಿವಿಯನೈಟ್ ಎಂಬ ಖನಿಜ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟ್ ಎಂಬ ಗಂಧಕದ ಸಂಯುಕ್ತ ಬಳಸಿ, ಸಲ್ಫೈಡ್ ಎಂಬ ಇನ್ನೊಂದು ಗಂಧಕದ ಸಂಯುಕ್ತ ಬಿಡುತ್ತವೆ. ಅದು ಕಬ್ಬಿಣದ ಜೊತೆ ಸೇರಿ ಆಗುವ ಖನಿಜಗಳಲ್ಲಿ ಗ್ರೈಗೈಟ್ ಒಂದು. ನಮ್ಮ ಕೆರೆ, ಜೌಗು ನೆಲದ ತಳದಲ್ಲಿ ಈ ಎರಡೂ ಸಿಗುತ್ತವೆ.

ಚೆಯಾವಾ ಫಾಲ್ಸ್‌ನ ಚುಕ್ಕೆಗಳಲ್ಲಿ ಕಂಡದ್ದು ಇದೇ ಜೋಡಿ. ಕಪ್ಪು ಅಂಚಿನಲ್ಲಿ ವಿವಿಯನೈಟ್ ಇರಬೇಕು, ನಡುವೆ ಗ್ರೈಗೈಟ್ ಇರಬೇಕು ಅಂತ ಅವರ ಓದು. ಸುತ್ತ ಕೆಂಪು ಕೆಸರುಕಲ್ಲು, ಅದೇ ಕಲ್ಲಿನ ಸಾಲಿನಲ್ಲಿ ಇಂಗಾಲದ ಸಂಯುಕ್ತದ ಸುಳಿವೂ ಇದೆ. ಊಟ, ಉಸಿರು, ಬಿಟ್ಟ ಕಸ, ಮೂರೂ ಒಂದೇ ಕಡೆ.


ಶರಾವತಿ ಗದ್ದೆ · ಬೆಳಿಗ್ಗೆ 8:05

ಅಕ್ಕಾ, ಒಂದು ನಿಮಿಷ. ನಾನು ಸಾಗರದ ಕಡೆ ಗದ್ದೆ ಮಾಡುವವನು. ನೀವು ಹೇಳಿದ್ದು ಓದಿದರೆ ನಮ್ಮ ಗದ್ದೆಯೇ ಕಣ್ಮುಂದೆ ಬಂತು. ಮಳೆಗಾಲದಲ್ಲಿ ನೀರು ನಿಂತ ಮೇಲೆ ಮಣ್ಣು ಬೂದಿ ನೀಲಿ ಆಗುತ್ತದೆ. ಕಾಲಿಟ್ಟರೆ ಗುಳ್ಳೆ ಏಳುತ್ತದೆ, ಕೊಳೆತ ಮೊಟ್ಟೆ ವಾಸನೆ. ನೀರು ಬಸಿದು ಒಣಗಿದ ಮೇಲೆ ಅದೇ ಮಣ್ಣಿನಲ್ಲಿ ಕೆಂಪು ಚುಕ್ಕೆ, ಕೆಂಪು ಗೆರೆ. ಇದೂ ಅದೇನಾ?

ಇನ್ನೊಂದು. ತೋಟದ ಒರತೆಯಲ್ಲಿ ಎಣ್ಣೆ ತೇಲಿದ ಹಾಗೆ ಬಣ್ಣ ಬಣ್ಣದ ಪೊರೆ ಕಟ್ಟುತ್ತದೆ. ಪೆಟ್ರೋಲ್ ಇದೆ ಅಂತ ನಮ್ಮ ಚಿಕ್ಕಪ್ಪ ಎರಡು ವರ್ಷ ಕನಸು ಕಂಡಿದ್ದರು.


ಸೂಕ್ಷ್ಮಾಣು · ಬೆಳಿಗ್ಗೆ 8:31

ಅದೇ ಅಣ್ಣ, ನೂರಕ್ಕೆ ನೂರು ಅದೇ! ಬೂದಿ ಬಣ್ಣ ಕಬ್ಬಿಣದ್ದು, ಮೊಟ್ಟೆ ವಾಸನೆ ಸಲ್ಫೇಟ್ ತಿನ್ನುವವರದ್ದು. ನಾನು ಪುಸ್ತಕದಲ್ಲಿ ಓದಿ ಕಲಿತದ್ದನ್ನು ನೀವು ಕಾಲಲ್ಲಿ ತುಳಿದು ಕಲಿತಿದ್ದೀರಿ.

ಚಿಕ್ಕಪ್ಪನಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ಆ ಪೊರೆಗೆ ಕಡ್ಡಿ ಆಡಿಸಿ ನೋಡಿ. ಗಾಜು ಒಡೆದ ಹಾಗೆ ಚೂರು ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಪೊರೆ, ಬ್ಯಾಕ್ಟೀರಿಯಾ ಕೆಲಸ. ಒಡೆದು ಮತ್ತೆ ಕೂಡಿಕೊಂಡರೆ ಎಣ್ಣೆ.


ಶರಾವತಿ ಗದ್ದೆ · ಬೆಳಿಗ್ಗೆ 8:34

ಚೂರಾಗುತ್ತದೆ ಮಾರಾಯ್ರೆ. ಚಿಕ್ಕಪ್ಪನಿಗೆ ಹೇಳಲ್ಲ.


ಅನುಮಾನ ಪಿಶಾಚಿ · ಬೆಳಿಗ್ಗೆ 9:10

ಗದ್ದೆ ಸರಿ. ಗದ್ದೆಯಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ನಮಗೆ ಮೊದಲೇ ಗೊತ್ತು. ಮಂಗಳನಲ್ಲಿ ಗೊತ್ತಿಲ್ಲ. ಅದೇ ಖನಿಜ ಬ್ಯಾಕ್ಟೀರಿಯಾ ಇಲ್ಲದೆ ಆಗೋಕೆ ಸಾಧ್ಯವೇ ಇಲ್ವಾ? ಈ ಒಂದು ಪ್ರಶ್ನೆಗೆ ನೇರ ಉತ್ತರ ಕೊಡಿ.


ಸೂಕ್ಷ್ಮಾಣು · ಬೆಳಿಗ್ಗೆ 9:47

ನೇರ ಉತ್ತರ: ಸಾಧ್ಯ.

ಕಬ್ಬಿಣದ ಭಾಗ ಸುಲಭ. ಕೆಲವು ಇಂಗಾಲದ ಸಂಯುಕ್ತಗಳು ಜೀವದ ಸಹಾಯವಿಲ್ಲದೆ, ತಣ್ಣಗಿನ ಜಾಗದಲ್ಲೇ ತುಕ್ಕನ್ನು ಕರಗಿಸಬಲ್ಲವು. ಕಷ್ಟ ಇರುವುದು ಗಂಧಕದಲ್ಲಿ. ಬ್ಯಾಕ್ಟೀರಿಯಾ ಇಲ್ಲದೆ ಸಲ್ಫೇಟ್ ಸಲ್ಫೈಡ್ ಆಗಬೇಕಾದರೆ ನೂರು ಡಿಗ್ರಿಗಿಂತ ಎಷ್ಟೋ ಜಾಸ್ತಿ ಶಾಖ ಬೇಕು. ಆ ಕಲ್ಲು ಅಷ್ಟು ಕಾದಿತ್ತಾ? 2024ರಲ್ಲಿ ಮೊದಲ ಸುದ್ದಿ ಬಂದಾಗ ಈ ಅನುಮಾನ ಇತ್ತು, ಯಾಕೆಂದರೆ ಬಿಳಿ ಗೆರೆಗಳ ಹತ್ತಿರ ಆಲಿವೀನ್ ಹರಳು ಕಂಡಿತ್ತು. ಆಲಿವೀನ್ ಲಾವಾದಿಂದ ಬರುವ ಖನಿಜ. ಬಿಸಿ ದ್ರವ ಏನಾದರೂ ಹರಿದಿತ್ತಾ ಅಂತ ಕೇಳಿದರು. ಒಂದು ವರ್ಷ ಅಳೆದು ನೋಡಿದ ಮೇಲೆ, ಕಲ್ಲು ಹಾಗೆ ಬೆಂದ ಲಕ್ಷಣ ಕಾಣುವುದಿಲ್ಲ ಅಂತ ಬರೆದಿದ್ದಾರೆ. ಲೇಖನದ ಮೊದಲ ಹೆಸರು ಜೋಯೆಲ್ ಹ್ಯುರೋವಿಟ್ಜ್, ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದವರು.

ಸಲ್ಫೈಡ್ ಬೇರೆ ಕಡೆ ಆಗಿ ನೀರಿನಲ್ಲಿ ಹರಿದು ಇಲ್ಲಿಗೆ ಬಂದಿರಬಹುದಲ್ವಾ ಅಂತ ನೀವು ಕೇಳುತ್ತೀರಿ. ಕೇಳಬೇಕು. ಅದನ್ನು ರೋವರ್ ಒಂದೇ ತೀರ್ಮಾನ ಮಾಡೋಕಾಗಲ್ಲ.

ಇದಕ್ಕೆ ನಾಸಾದವರೇ 2021ರಲ್ಲಿ ಏಳು ಮೆಟ್ಟಿಲಿನ ಒಂದು ಅಳತೆ ಮುಂದಿಟ್ಟಿದ್ದಾರೆ. ಗುರುತು ಕಾಣುವುದು ಮೊದಲ ಮೆಟ್ಟಿಲು. ಕಲಬೆರಕೆ ಅಲ್ಲ ಅಂತ ತಿಳಿಯಬೇಕು, ಜೀವವಿಲ್ಲದೆ ಆಗಲ್ಲ ಅಂತ ತೋರಿಸಬೇಕು, ಬೇರೆಯವರು ಬೇರೆ ದಾರಿಯಲ್ಲಿ ಅದನ್ನೇ ಕಾಣಬೇಕು, ಹೀಗೆ ಹತ್ತುತ್ತಾ ಹೋಗಬೇಕು. ನನ್ನ ಲೆಕ್ಕದಲ್ಲಿ ಈ ಕಲ್ಲು ಮೊದಲನೇ ಮೆಟ್ಟಿಲಿನಲ್ಲಿ ಕೂತಿದೆ.


ಅನುಮಾನ ಪಿಶಾಚಿ · ಬೆಳಿಗ್ಗೆ 9:55

ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಹೀಗೆ ಹೇಳಿದರೆ ನನಗೆ ಜಗಳ ಮಾಡೋಕೆ ಏನೂ ಉಳಿಯಲ್ಲ.


ಪರ್ತ್ ಪಾಪಣ್ಣ · ಬೆಳಿಗ್ಗೆ 11:30

ಆಸ್ಟ್ರೇಲಿಯಾದ ಪರ್ತ್‌ನಿಂದ ನಮಸ್ಕಾರ. ನಾನು ವಿಜ್ಞಾನಿ ಅಲ್ಲ, ಗಣಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಆದರೆ ಈ ವಿಷಯದ ಎರಡು ತೀರ್ಥಕ್ಷೇತ್ರ ನಮ್ಮ ರಾಜ್ಯದಲ್ಲೇ ಇವೆ, ಹೇಳದೆ ಇರೋಕಾಗಲ್ಲ.

ಒಂದು, ಶಾರ್ಕ್ ಬೇ ಕೊಲ್ಲಿಯ ಹ್ಯಾಮಲಿನ್ ಪೂಲ್. ಪರ್ತ್‌ನಿಂದ ಉತ್ತರಕ್ಕೆ ಸುಮಾರು 800 ಕಿಲೋಮೀಟರ್. ಮನೆಯವಳು, ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ತಲುಪಿದ ಮೇಲೆ ಮಗಳು, “ಅಪ್ಪಾ, ಈ ಸಗಣಿ ಗುಡ್ಡೆ ನೋಡೋಕೆ ಇಷ್ಟು ದೂರ ಬಂದ್ವಾ?” ಅಂದಳು. ನಿಜ ಹೇಳಬೇಕಂದರೆ ಹಾಗೇ ಕಾಣುತ್ತವೆ. ತಗ್ಗು ನೀರಿನಲ್ಲಿ ಸಾಲು ಸಾಲು ಕಪ್ಪು ಗುಡ್ಡೆ. ಸೂಕ್ಷ್ಮಜೀವಿಗಳು ಅಂಟಂಟು ಪದರವಾಗಿ ಹರಡಿಕೊಂಡು, ಮರಳು ಸುಣ್ಣ ಹಿಡಿದು, ಮೇಲೆ ಮತ್ತೆ ಪದರವಾಗಿ ಬೆಳೆದು ಕಟ್ಟಿದ ಕಲ್ಲು ಅವು. ಸ್ಟ್ರೊಮಾಟೊಲೈಟ್ ಅನ್ನುತ್ತಾರೆ. ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ಬೆಳೆಯಲ್ಲ. ನೀರು ಸಮುದ್ರದ ಎರಡರಷ್ಟು ಉಪ್ಪು, ಹಾಗಾಗಿ ಅದನ್ನು ಮೇಯುವ ಬಸವನಹುಳು ಬದುಕಲ್ಲ, ಇವು ಉಳಿದುಕೊಂಡಿವೆ. ಹಿಂದೆ ಉಣ್ಣೆ ಸಾಗಿಸುತ್ತಿದ್ದ ಗಾಡಿಗಳ ಚಕ್ರದ ಗುರುತು ಆ ಪದರದ ಮೇಲೆ ಇನ್ನೂ ಮಾಸಿಲ್ಲ.

ಎರಡು, ಅದಕ್ಕೂ ಉತ್ತರಕ್ಕೆ ಇರುವ ಪಿಲ್ಬರಾ. ಅಲ್ಲಿ ಇದೇ ಥರದ ಪದರಗಳು 348 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸಿಕ್ಕಿವೆ. ಅಂದರೆ ಜೆಝೆರೊದಲ್ಲಿ ನೀರಿದ್ದ ಕಾಲಕ್ಕೆ ಹೆಚ್ಚುಕಡಿಮೆ ಹತ್ತಿರ. ಮಂಗಳನ ತಂಡದವರು ಇಲ್ಲಿಗೆ ಬಂದು ಕಲ್ಲು ನೋಡಿ ಕಣ್ಣು ಪಳಗಿಸಿಕೊಂಡು ಹೋಗುತ್ತಾರೆ.

ಮಗಳು ಈಗ ಹನ್ನೊಂದನೇ ಕ್ಲಾಸು, ಭೂವಿಜ್ಞಾನ ತಗೊಂಡಿದ್ದಾಳೆ. ಸಗಣಿ ಗುಡ್ಡೆ ಪ್ರಭಾವ.


ಕಲ್ಲು ಮೇಷ್ಟ್ರು · ಮಧ್ಯಾಹ್ನ 12:20

ಪಾಪಣ್ಣನವರೇ, ಪಿಲ್ಬರಾ ಅಂದಿರಿ, ನನ್ನ ಮೆಚ್ಚಿನ ಕಥೆ ನೆನಪಾಯಿತು.

ಅಬಿಗೇಲ್ ಆಲ್‌ವುಡ್ ಅಂತ ಒಬ್ಬ ಭೂವಿಜ್ಞಾನಿ, ಆಸ್ಟ್ರೇಲಿಯಾದವರೇ. ಪಿಲ್ಬರಾದ ಸ್ಟ್ರೆಲಿ ಪೂಲ್ ಎಂಬ ಕಡೆ 343 ಕೋಟಿ ವರ್ಷ ಹಳೆಯ ಸ್ಟ್ರೊಮಾಟೊಲೈಟ್‌ಗಳನ್ನು ಕಿಲೋಮೀಟರ್‌ಗಟ್ಟಲೆ ನಡೆದು ಅಳೆದರು. ಒಂದೆರಡು ಗುಡ್ಡೆ ತೋರಿಸಿ ಜೀವ ಅನ್ನಲಿಲ್ಲ. ಏಳು ಬಗೆಯ ಆಕಾರ ಗುರುತಿಸಿ, ಯಾವುದು ಆ ಕಾಲದ ಕಡಲತೀರದ ಯಾವ ಜಾಗದಲ್ಲಿ ಬೆಳೆದಿದೆ ಅಂತ ತೋರಿಸಿದರು. ಅದು 2006ರ ಕೆಲಸ. ಬಹುಪಾಲು ಜನ ಒಪ್ಪಿದರು.

ಹತ್ತು ವರ್ಷ ಆದಮೇಲೆ, 2016ರಲ್ಲಿ, ಇನ್ನೊಂದು ತಂಡ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಸಿಕ್ಕಿದೆ ಅಂದಿತು. ಹಾಗಿದ್ದರೆ ಅದೇ ಲೋಕದ ಅತಿ ಹಳೆಯದು. ಆಲ್‌ವುಡ್ ಅಲ್ಲಿಗೂ ಹೋಗಿ ನೋಡಿದರು. ಕಲ್ಲಿನ ಒಂದು ಮುಖದಲ್ಲಿ ಮೇಲ್ಮುಖವಾದ ಗೋಪುರದಂತೆ ಕಾಣುತ್ತಿತ್ತು. ಬೇರೆ ಕಡೆಯಿಂದ ನೋಡಿದರೆ ಅದು ಉದ್ದಕ್ಕೆ ಎಳೆದ ಏಣು, ಕೆಲವು ತಲೆಕೆಳಗಾಗಿಯೂ ಇದ್ದವು. ಭೂಮಿಯ ಒತ್ತಡಕ್ಕೆ ಕಲ್ಲು ಹಿಂಡಿ ಮಡಿಸಿ ಹೀಗಾಗಿದೆ ಅಂತ 2018ರಲ್ಲಿ ಬರೆದರು. ಮೊದಲಿನ ತಂಡ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು.

ಈಗ ಅಸಲು ವಿಷಯ. ಪರ್ಸಿವಿಯರೆನ್ಸ್ ತೋಳಿನ ತುದಿಯಲ್ಲಿ ಪಿಕ್ಸಲ್ ಎಂಬ ಉಪಕರಣ ಇದೆ. ಉಪ್ಪಿನ ಹರಳಿನಷ್ಟು ಜಾಗಕ್ಕೆ ಎಕ್ಸ್‌ರೇ ಬಿಟ್ಟು ಅಲ್ಲಿ ಯಾವ ಮೂಲವಸ್ತು ಎಷ್ಟಿದೆ ಅಂತ ನಕ್ಷೆ ಮಾಡುತ್ತದೆ. ಚಿರತೆ ಚುಕ್ಕೆಯಲ್ಲಿ ಕಬ್ಬಿಣ, ರಂಜಕ, ಗಂಧಕ ಎಲ್ಲೆಲ್ಲಿ ಇದೆ ಅಂತ ಹೇಳಿದ್ದು ಅದೇ. ಅದರ ಮುಖ್ಯ ವಿಜ್ಞಾನಿಯಾಗಿ ಕೆಲಸ ಮಾಡಿದವರು ಇದೇ ಆಲ್‌ವುಡ್. ಜೀವ ಇದೆ ಅಂತ ಒಂದು ಕಡೆ, ಇಲ್ಲ ಅಂತ ಇನ್ನೊಂದು ಕಡೆ ಎದೆ ತಟ್ಟಿ ಹೇಳಿದ ಮನುಷ್ಯೆ ಮಾಡಿಸಿದ ಕಣ್ಣು ಅದು. ಇದು ಗೊತ್ತಾದ ಮೇಲೆ ನನಗಂತೂ ಆ ಚುಕ್ಕೆಯ ಮೇಲೆ ನಂಬಿಕೆ ಒಂದು ಗುಲಗಂಜಿ ಜಾಸ್ತಿಯಾಗಿದೆ.


ಬೆಂಗಳೂರು ಬೋಂಡಾ · ಮಧ್ಯಾಹ್ನ 12:48

ಒಂದು ದಡ್ಡ ಪ್ರಶ್ನೆ. ಭೂಮಿಯಲ್ಲೇ ಇಷ್ಟು ಜಗಳ ಇದ್ದರೆ ಅಷ್ಟು ದೂರದ ಮಂಗಳನಲ್ಲಿ ಹುಡುಕಿ ಏನು ಪ್ರಯೋಜನ?


ಕಲ್ಲು ಮೇಷ್ಟ್ರು · ಮಧ್ಯಾಹ್ನ 1:05

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಭೂಮಿ ತನ್ನ ಹಳೆಯ ಕಾಗದವನ್ನೆಲ್ಲ ತಾನೇ ಸುಟ್ಟುಕೊಂಡಿದೆ. ನೆಲದ ಫಲಕಗಳು ಸರಿದಾಡುತ್ತವೆ, ಹಳೆಯ ಕಲ್ಲು ಕೆಳಗೆ ಹೋಗಿ ಬೇಯುತ್ತದೆ, ಮಡಿಸಿಕೊಳ್ಳುತ್ತದೆ. 350 ಕೋಟಿ ವರ್ಷದ ಕೆಸರುಕಲ್ಲು ಬೇಯದೆ ಉಳಿದಿರುವ ಜಾಗ ಇಲ್ಲಿ ಬೆರಳೆಣಿಕೆ. ಮಂಗಳನಲ್ಲಿ ಹಾಗೆ ಫಲಕಗಳ ಓಡಾಟವಿಲ್ಲ. ಅಷ್ಟು ಹಳೆಯ ನೆಲ ಅಲ್ಲಿ ಮೈಲಿಗಟ್ಟಲೆ ಬಿದ್ದುಕೊಂಡಿದೆ. ಜೀವ ಹುಟ್ಟುವ ಮೊದಲ ಅಧ್ಯಾಯ ನಮ್ಮ ಪುಸ್ತಕದಲ್ಲಿ ಹರಿದು ಹೋಗಿದೆ, ಪಕ್ಕದ ಮನೆಯ ಪುಸ್ತಕದಲ್ಲಿ ಇರಬಹುದು.

ಅಲ್ಲಿಯ ತೊಂದರೆ ಬೇರೆ. ಗಾಳಿ ತೆಳು, ಕಾಂತಕ್ಷೇತ್ರ ಇಲ್ಲ. ಆಕಾಶದಿಂದ ಬರುವ ವಿಕಿರಣ ಮೇಲಿನ ಮೀಟರ್‌ಗಟ್ಟಲೆ ಪದರದಲ್ಲಿ ಇಂಗಾಲದ ಸಂಯುಕ್ತಗಳನ್ನು ಮುರಿದು ಹಾಕುತ್ತದೆ. ಯುರೋಪಿನವರ ರೊಸಲಿಂಡ್ ಫ್ರಾಂಕ್ಲಿನ್ ರೋವರ್ ಎರಡು ಮೀಟರ್ ಆಳಕ್ಕೆ ಕೊರೆಯುವ ಹಾಗೆ ಮಾಡಿರುವುದು ಇದಕ್ಕೇ. ಅದು 2028ರಲ್ಲಿ ಹೊರಡಬೇಕು.

ಹಾಗಂತ ಮೇಲೆ ಏನೂ ಉಳಿಯಲ್ಲ ಅಂತಲ್ಲ. ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ಕೆಸರುಕಲ್ಲನ್ನು 2013ರಲ್ಲಿ ಕೊರೆದಿತ್ತು. ಆ ಪುಡಿಯಲ್ಲಿ ಹತ್ತು, ಹನ್ನೊಂದು, ಹನ್ನೆರಡು ಇಂಗಾಲದ ಸರಪಳಿಗಳು ಸಿಕ್ಕಿವೆ ಅಂತ 2025ರ ಮಾರ್ಚ್‌ನಲ್ಲಿ ಹೇಳಿದರು. ಅವು ಕೊಬ್ಬಿನ ಆಮ್ಲದ ತುಣುಕಾಗಿರಬಹುದು. ಇಲ್ಲೂ ‘ಬಹುದು’.


ಹಾಸನದ ಹುಡುಗ · ಮಧ್ಯಾಹ್ನ 2:15

ಓದಿ ಓದಿ ತಲೆ ತಿರುಗುತ್ತಿದೆ, ಖುಷಿಯೂ ಆಗುತ್ತಿದೆ. ಕಲ್ಲಿನ ಚೂರು ತೆಗೆದುಕೊಂಡರು ಅಂದಿರಲ್ಲ ಮೇಷ್ಟ್ರೇ, ಅದು ಈಗ ಎಲ್ಲಿದೆ? ಭೂಮಿಗೆ ಬಂತಾ?


ಸೂಕ್ಷ್ಮಾಣು · ಮಧ್ಯಾಹ್ನ 3:02

ಇಲ್ಲ ಪುಟ್ಟ. ರೋವರ್‌ನ ಹೊಟ್ಟೆಯಲ್ಲೇ ಇದೆ. ಸಫೈರ್ ಕ್ಯಾನ್ಯನ್ ಅಂತ ಆ ಚೂರಿನ ಹೆಸರು. ಹೆಚ್ಚುಕಡಿಮೆ ಒಂದು ಚಾಕ್‌ಪೀಸ್ ಅಳತೆ. ಗಾಳಿಯಾಡದ ಲೋಹದ ಕೊಳವೆಯಲ್ಲಿ ಮುಚ್ಚಿಟ್ಟಿದ್ದಾರೆ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಚಾಕ್‌ಪೀಸ್ ಪ್ರಯೋಗಾಲಯಕ್ಕೆ ಬಂದರೆ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಗಂಧಕದಲ್ಲಿ ಸ್ವಲ್ಪ ಹಗುರದ್ದು, ಸ್ವಲ್ಪ ಭಾರದ್ದು ಅಂತ ಇದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗೆ ಹಗುರದ್ದೇ ಇಷ್ಟ, ಕೆಲಸ ಸುಲಭ ಅಂತ. ಹಾಗಾಗಿ ಅವು ಬಿಟ್ಟ ಸಲ್ಫೈಡಿನಲ್ಲಿ ಹಗುರದ ಪಾಲು ಜಾಸ್ತಿ ಇರುತ್ತದೆ. ಗ್ರೈಗೈಟ್‌ನ ಗಂಧಕ, ಪಕ್ಕದ ಬಿಳಿ ಗೆರೆಯ ಸಲ್ಫೇಟಿನ ಗಂಧಕ, ಎರಡನ್ನೂ ತೂಗಿ ನೋಡಿದರೆ ದೊಡ್ಡ ಸುಳಿವು. ರೋವರ್‌ಗೆ ಅದು ಆಗಲ್ಲ.

ಆದರೆ ತರೋದು ಯಾರು? 2023ರಲ್ಲಿ ಹೊರಗಿನ ತಜ್ಞರು ಲೆಕ್ಕ ಹಾಕಿದಾಗ 800ರಿಂದ 1,100 ಕೋಟಿ ಡಾಲರ್ ಬೇಕು ಅಂದರು. ಬರೋದು 2040 ಆಗಬಹುದು ಅಂತ ಆಮೇಲೆ ನಾಸಾನೇ ಹೇಳಿತು. 2025ರ ಮೇನಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವದಲ್ಲಿ ಈ ಯೋಜನೆ ಬೇಡ ಅಂತಲೇ ಬರೆದರು. ಚೀನಾದ ತಿಯಾನ್‌ವೆನ್-3 ನೌಕೆ 2028ರ ಸುಮಾರಿಗೆ ಹೊರಟು 2031ರ ಹೊತ್ತಿಗೆ ಬೇರೆ ಜಾಗದ ಮಣ್ಣು ತರುವ ಯೋಚನೆಯಲ್ಲಿದೆ. ಆದರೆ ಚಿರತೆ ಚುಕ್ಕೆ ಅವರ ಹತ್ತಿರ ಇಲ್ಲ.


ಅನುಮಾನ ಪಿಶಾಚಿ · ಮಧ್ಯಾಹ್ನ 3:20

1996ರಲ್ಲಿ ಕಲ್ಲು ಕೈಯಲ್ಲಿತ್ತು, ಆದರೆ ಅದು ಮಂಗಳನ ಯಾವ ಊರಿನದು ಅಂತ ಗೊತ್ತಿರಲಿಲ್ಲ. ಈಗ ಊರು, ಕೇರಿ, ಬೀದಿ ಎಲ್ಲ ಗೊತ್ತು, ಕಲ್ಲು ಕೈಯಲ್ಲಿಲ್ಲ. ಒಳ್ಳೆ ಗ್ರಹಚಾರ.


ಪರ್ತ್ ಪಾಪಣ್ಣ · ಮಧ್ಯಾಹ್ನ 3:41

ಪಿಶಾಚಿಯವರೇ, ಈ ಸಾಲಿಗೆ ನನ್ನ ಕಡೆಯಿಂದ ಒಂದು ಕಾಫಿ.

ನಮ್ಮ ಮಂಗಳಯಾನದಿಂದ ಏನಾದರೂ ಸಹಾಯ ಆಯಿತಾ?


ಕಲ್ಲು ಮೇಷ್ಟ್ರು · ಸಂಜೆ 4:30

ಮಂಗಳಯಾನ ಮೇಲೆ ಸುತ್ತಿದ ನೌಕೆ, ಕಲ್ಲು ಮುಟ್ಟಲಿಲ್ಲ. ಮಿಥೇನ್ ಅಳೆಯುವ ಉಪಕರಣ ಅದರಲ್ಲಿತ್ತು, ಸೂಕ್ಷ್ಮಜೀವಿಗಳೂ ಬಿಡುವ ಅನಿಲ ಅದು. ಆದರೆ ಮಂಗಳನ ಗಾಳಿಯಲ್ಲಿ ಮಿಥೇನ್ ಇದೆಯಾ ಎಂಬ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ. 2014ರ ಸೆಪ್ಟೆಂಬರ್ 24ರಂದು ಮೊದಲ ಪ್ರಯತ್ನಕ್ಕೇ ಕಕ್ಷೆ ಸೇರಿದ್ದು ಬೇರೆಯೇ ಸಾಧನೆ ಬಿಡಿ. ಪಳೆಯುಳಿಕೆ ಹುಡುಕಾಟಕ್ಕೆ ನಮ್ಮ ದೇಶದ ಕಲ್ಲುಗಳಿಂದಲೇ ಜಾಸ್ತಿ ಸಹಾಯ ಆದೀತು. ಗುಜರಾತಿನ ಕಛ್‌ನಲ್ಲಿ ಮಾತಾನೊಮಢ ಅನ್ನುವ ಕಡೆ ಜಾರೊಸೈಟ್ ಎಂಬ ಹಳದಿ ಖನಿಜ ಇದೆ. ಅದೇ ಖನಿಜವನ್ನು ಆಪರ್ಚುನಿಟಿ ರೋವರ್ 2004ರಲ್ಲಿ ಮಂಗಳನಲ್ಲಿ ಕಂಡಿತ್ತು. ಹಾಗಾಗಿ ನಮ್ಮ ವಿಜ್ಞಾನಿಗಳು ಕಛ್‌ನ ಆ ಜಾಗವನ್ನು ಮಂಗಳನ ಮಾದರಿ ಅಂತ ಇಟ್ಟುಕೊಂಡು ಕೆಲಸ ಮಾಡುತ್ತಾರೆ.

ಇನ್ನು ಸ್ಟ್ರೊಮಾಟೊಲೈಟ್ ನೋಡಲು ಪರ್ತ್‌ಗೇ ಹೋಗಬೇಕಾಗಿಲ್ಲ. ಶಿವಮೊಗ್ಗ ಹತ್ತಿರದ ಕುಂಸಿ ಕಡೆ, ಚಿತ್ರದುರ್ಗದ ಮಾರಿಕಣಿವೆ ಕಡೆ 250 ಕೋಟಿ ವರ್ಷಕ್ಕಿಂತ ಹಳೆಯವು ಇವೆ. ಬಾಗಲಕೋಟೆಯ ಲೋಕಾಪುರದ ಸುತ್ತಲಿನ ಸುಣ್ಣಕಲ್ಲಿನಲ್ಲೂ ಇವೆ, ಅವು ಎಷ್ಟೋ ಕಿರಿಯವು, ಆದರೆ ಪದರ ಬಹಳ ಚೆಂದ. ಕತ್ತರಿಸಿದ ಎಲೆಕೋಸಿನ ಹಾಗೆ. ನೋಡಲು ಹೋದರೆ ದಯವಿಟ್ಟು ಸುತ್ತಿಗೆ ಒಯ್ಯಬೇಡಿ. ಒಂದು ಹೊಡೆತಕ್ಕೆ ಹೋದದ್ದು ಮತ್ತೆ ಬೆಳೆಯಲ್ಲ.


ಹಾಸನದ ಹುಡುಗ · ಸಂಜೆ 6:10

ಅಜ್ಜಿಗೆ ಹೇಳಿದೆ. ಜನ ಇಲ್ಲ, ಹಿಂದೆ ಯಾವಾಗಲೋ ಕೆಸರಿನಲ್ಲಿ ಕಣ್ಣಿಗೆ ಕಾಣದ ಹುಳ ಇತ್ತೇನೋ, ಅದೂ ಗ್ಯಾರಂಟಿ ಇಲ್ಲ ಅಂತ. “ಅಷ್ಟಕ್ಕೆ ಇಷ್ಟು ಗಲಾಟೆಯಾ?” ಅಂದರು. ಆಮೇಲೆ ಐದು ನಿಮಿಷ ಸುಮ್ನೆ ಕೂತಿದ್ದು, “ಅಲ್ಲೂ ಕೆರೆ ಬತ್ತಿಹೋಯ್ತಾ ಪಾಪ” ಅಂದರು.


ಶರಾವತಿ ಗದ್ದೆ · ಮರುದಿನ, ಬೆಳಿಗ್ಗೆ 7:40

ನಿನ್ನೆ ಸಂಜೆ ಸುಮ್ನೆ ಇರಲಾರದೆ, ಈ ವರ್ಷ ಬೀಳುಬಿಟ್ಟ ಮೇಲಿನ ಮಕ್ಕಿಗದ್ದೆಯ ಅಂಚಿನಲ್ಲಿ ಗುದ್ದಲಿಯಲ್ಲಿ ಒಂದು ಹೆಂಟೆ ಎತ್ತಿ ಒಡೆದು ನೋಡಿದೆ. ಬೂದಿ ಮಣ್ಣಿನೊಳಗೆ ಕೆಂಪು ಗೆರೆಗಳು, ದಾರದಷ್ಟು ದಪ್ಪ. ಹತ್ತಿರ ಹಿಡಿದು ನೋಡಿದರೆ ಗೆರೆ ಅಲ್ಲ, ಕೊಳವೆ. ಒಳಗೆ ಟೊಳ್ಳು, ಸುತ್ತ ತುಕ್ಕು. ಮೇಷ್ಟ್ರೇ, ಅಕ್ಕಾ, ಇದೇನು?


ಸೂಕ್ಷ್ಮಾಣು · ಬೆಳಿಗ್ಗೆ 8:02

ಅಣ್ಣಾ, ಅದು ಭತ್ತದ ಬೇರು ಇದ್ದ ಜಾಗ! ಭತ್ತ ತನ್ನ ಬೇರಿಗೆ ಮೇಲಿನಿಂದ ಗಾಳಿ ಇಳಿಸಿಕೊಳ್ಳುತ್ತದೆ. ಅದರಲ್ಲಿ ಸ್ವಲ್ಪ ಬೇರಿನಿಂದ ಹೊರಗೆ ಸೋರುತ್ತದೆ. ಕೆಸರಿನಲ್ಲಿ ಕರಗಿದ್ದ ಕಬ್ಬಿಣ ಆ ಗಾಳಿ ತಾಗಿದ ಕೂಡಲೇ ತುಕ್ಕಾಗಿ ಬೇರಿನ ಸುತ್ತ ಕೂರುತ್ತದೆ.


ಕಲ್ಲು ಮೇಷ್ಟ್ರು · ಬೆಳಿಗ್ಗೆ 8:15

ಒಳಗೆ ಬೇರಿನ ಚೂರು ಏನಾದರೂ ಉಳಿದಿದೆಯಾ, ಸರಿಯಾಗಿ ನೋಡಿ.


ಶರಾವತಿ ಗದ್ದೆ · ಬೆಳಿಗ್ಗೆ 8:50

ಹತ್ತು ಕೊಳವೆ ಒಡೆದೆ ಮೇಷ್ಟ್ರೇ. ಒಂಬತ್ತರಲ್ಲಿ ಏನೂ ಇಲ್ಲ, ಖಾಲಿ. ಒಂದರಲ್ಲಿ ಕಪ್ಪು ಎಳೆಯಂಥದ್ದು ಏನೋ ಇತ್ತು, ಬೆರಳು ತಾಗಿದ್ದೇ ಪುಡಿಯಾಯಿತು. ಇನ್ನೊಂದು ಹೆಂಟೆ ಒಡೆಯದೆ ಹಾಗೇ ಡಬ್ಬದಲ್ಲಿ ಇಟ್ಟಿದ್ದೇನೆ. ಅಕ್ಕಾ, ನಿಮ್ಮ ಲ್ಯಾಬಿಗೆ ಕಳಿಸಲಾ?